ಸ್ನೋಮೊಬೈಲ್ ಎಂಜಿನ್: ಇಂಧನ, ಆಯಿಲ್ ಮತ್ತು ಸ್ಪಾರ್ಕ್ ಪ್ಲಗ್ ದೋಷಗಳು

ಮುಂದೆ ಎರಡು ಸ್ಕೀ, ಹಿಂದೆ ಸುತ್ತುವ ರಬ್ಬರ್ ಪಟ್ಟಿ, ನಡುವೆ ಸಣ್ಣ ಪೆಟ್ರೋಲ್ ಎಂಜಿನ್ ಇರುವ ಹಿಮವಾಹನವೇ ಸ್ನೋಮೊಬೈಲ್. ಕೆನಡಾ, ಅಲಾಸ್ಕ, ಅಮೆರಿಕದ ಉತ್ತರದ ರಾಜ್ಯಗಳು, ಫಿನ್ಲೆಂಡ್, ಸ್ವೀಡನ್, ನಾರ್ವೆ, ರಷ್ಯಗಳಲ್ಲಿ ಇದು ಚಳಿಗಾಲದ ಮೋಜಿನ ವಾಹನವೂ ಹೌದು, ರಸ್ತೆಯಿಲ್ಲದ ಕಡೆ ಬದುಕು ಸಾಗಿಸುವ ಸಾಧನವೂ ಹೌದು. ಇದರ ಎಂಜಿನ್ ಕೈಕೊಟ್ಟಾಗ ತಪಾಸಣೆ ಬಹುಮಟ್ಟಿಗೆ ಮೂರು ಕಡೆ ಬಂದು ನಿಲ್ಲುತ್ತದೆ: ಇಂಧನ, ಆಯಿಲ್, ಸ್ಪಾರ್ಕ್ ಪ್ಲಗ್. ದುರಸ್ತಿ ಕೈಪಿಡಿಗಳು ಈ ಮೂರನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಹೇಳುತ್ತವೆ. ಸ್ನೋಮೊಬೈಲಿನಲ್ಲಿ ಸಾಮಾನ್ಯವಾದ ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಮಾತ್ರ ಇವನ್ನು ಬೇರ್ಪಡಿಸಿ ನೋಡುವುದು ಕಷ್ಟ. ಆಯಿಲನ್ನು ಹೊತ್ತೊಯ್ಯುವುದು ಪೆಟ್ರೋಲ್. ಎರಡೂ ಉರಿಯುವುದು ಪ್ಲಗ್ಗಿನ ತುದಿಯಲ್ಲಿ. ಉರಿದ ಬಗೆಯ ಗುರುತು ಉಳಿಯುವುದೂ ಆ ತುದಿಯಲ್ಲೇ. ಪ್ಲಗ್ ಏಕೆ ಕೆಟ್ಟಿತೆಂದು ವಿಚಾರಿಸದೆ ಹೊಸದನ್ನು ಹಾಕಿದರೆ ಎಂಜಿನ್ ಓಡೀತು, ದೋಷ ಹಾಗೆಯೇ ಉಳಿಯುತ್ತದೆ. ಮನೆಯಿಂದ ನಲವತ್ತು ಕಿಲೋಮೀಟರ್ ದೂರದಲ್ಲಿ, ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಆ ದೋಷ ಮತ್ತೆ ತಲೆಯೆತ್ತಿದರೆ ಪ್ರಾಣಕ್ಕೇ ಕುತ್ತು.

ಹಿನ್ನೆಲೆ

ವಿಸ್ಕಾನ್ಸಿನ್ ರಾಜ್ಯದ ಸೇನರ್ ಎಂಬಲ್ಲಿ ಕಾರ್ಲ್ ಎಲಿಯಾಸನ್ 1924ರಲ್ಲಿ ಜಾರುಬಂಡಿಗೆ ಮೋಟಾರ್ ಜೋಡಿಸಿದ. 1927ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಕ್ವಿಬೆಕ್‌ನ ವ್ಯಾಲ್ಕೂರಿನ ಮೆಕ್ಯಾನಿಕ್ ಜೋಸೆಫ್-ಆರ್ಮಂಡ್ ಬೊಂಬಾರ್ಡಿಯೆ 1934ರ ಚಳಿಗಾಲದಲ್ಲಿ ಎಳೆಯ ಮಗನನ್ನು ಕಳೆದುಕೊಂಡ. ಹಿಮ ಮುಚ್ಚಿದ ದಾರಿಯಲ್ಲಿ ಮಗುವನ್ನು ಆಸ್ಪತ್ರೆಗೆ ಒಯ್ಯಲು ಆಗಿರಲಿಲ್ಲ. ಅವನ ಏಳು ಆಸನಗಳ ಹಿಮವಾಹನ 'ಬಿ7' 1937ರ ಹೊತ್ತಿಗೆ ಮಾರುಕಟ್ಟೆಗೆ ಬಂತು. 1959ರಲ್ಲಿ ಬಂದ ಅವನದೇ 'ಸ್ಕೀ-ಡೂ' ಒಬ್ಬಿಬ್ಬರು ಕೂರುವಷ್ಟು ಹಗುರವಾಗಿತ್ತು. ಇಂದಿನ ಸ್ನೋಮೊಬೈಲ್‌ಗಳೆಲ್ಲ ಅದೇ ಅಚ್ಚಿನವು. ಮಿನೆಸೋಟದ ರೋಸೋ ಪಟ್ಟಣದಲ್ಲಿ ಪೊಲಾರಿಸ್, ಅದೇ ರಾಜ್ಯದ ಥೀಫ್ ರಿವರ್ ಫಾಲ್ಸ್‌ನಲ್ಲಿ ಆರ್ಕ್ಟಿಕ್ ಕ್ಯಾಟ್ ಕಂಪನಿಗಳು ಬೆಳೆದವು. 1968ರಲ್ಲಿ ಯಮಾಹಾ ಈ ಕ್ಷೇತ್ರಕ್ಕೆ ಬಂತು. ಎಂಜಿನ್‌ಗಳು ಮಾತ್ರ ಹೆಚ್ಚಾಗಿ ಬೇರೆ ಕಡೆಯವು: ಸ್ಕೀ-ಡೂಗೆ ಆಸ್ಟ್ರಿಯದ ರೋಟ್ಯಾಕ್ಸ್, ಪೊಲಾರಿಸ್‌ಗೆ ಬಹುಕಾಲ ಜಪಾನಿನ ಫ್ಯೂಜಿ, ಆರ್ಕ್ಟಿಕ್ ಕ್ಯಾಟ್‌ಗೆ ಬಹುಕಾಲ ಸುಜುಕಿ.

1968ರ ಏಪ್ರಿಲ್‌ನಲ್ಲಿ ಸಾಹಸಿ ರಾಲ್ಫ್ ಪ್ಲೇಸ್ಟೆಡ್‌ನ ತಂಡ ಸ್ಕೀ-ಡೂಗಳಲ್ಲಿ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಉತ್ತರ ಧ್ರುವ ತಲುಪಿತು. ಆ ಸ್ಥಾನವನ್ನು ಅಮೆರಿಕದ ವಾಯುಪಡೆಯ ವಿಮಾನ ಖಚಿತಪಡಿಸಿತು. ಸಣ್ಣ ಟು-ಸ್ಟ್ರೋಕ್ ಎಂಜಿನ್ ಎಂಥ ಚಳಿಯನ್ನು ತಾಳಬಲ್ಲದೆಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿರಲಿಲ್ಲ. ಅದೇ ದಶಕದಲ್ಲಿ ಫಿನ್ಲೆಂಡಿನ ಸ್ಕೋಲ್ಟ್ ಸಾಮಿ ಜನರು ಹಿಮಸಾರಂಗ ಕಾಯಲು ಸ್ನೋಮೊಬೈಲ್ ಹಿಡಿದರು. ಈ ಬದಲಾವಣೆಯನ್ನು ಮಾನವಶಾಸ್ತ್ರಜ್ಞ ಪೆರ್ಟಿ ಪೆಲ್ಟೊ 1973ರಲ್ಲಿ ಪುಸ್ತಕವಾಗಿ ದಾಖಲಿಸಿದ. ಸಾರಂಗ ಎಳೆಯುವ ಗಾಡಿಗೆ ಪೆಟ್ರೋಲ್ ಬೇಕಿರಲಿಲ್ಲ, ಪ್ಲಗ್ ಬೇಕಿರಲಿಲ್ಲ. ಹೊಸ ವಾಹನದ ಜೊತೆಗೆ ಎಂಜಿನ್ ಬಿಚ್ಚಿ ಜೋಡಿಸುವ ವಿದ್ಯೆಯೂ ಉತ್ತರದ ಹಳ್ಳಿಗಳಿಗೆ ಬರಲೇಬೇಕಾಯಿತು.

ಎಂಜಿನ್ ಕೆಲಸ ಮಾಡುವ ಬಗೆ

ಕಾರಿನ ಎಂಜಿನ್ನಿನ ತಳದಲ್ಲಿ ಆಯಿಲ್ ತುಂಬಿರುತ್ತದೆ; ಪಂಪು ಅದನ್ನು ಮತ್ತೆ ಮತ್ತೆ ಸುತ್ತಿಸುತ್ತದೆ. ಟು-ಸ್ಟ್ರೋಕ್‌ನಲ್ಲಿ ಅಂಥ ಸಂಗ್ರಹವಿಲ್ಲ. ಪಿಸ್ಟನ್ ಮೇಲೇರುವಾಗ ಗಾಳಿ, ಪೆಟ್ರೋಲ್ ಮತ್ತು ಆಯಿಲಿನ ಮಂಜು ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸಿನೊಳಕ್ಕೆ ಸೆಳೆಯಲ್ಪಟ್ಟು ಬೇರಿಂಗ್‌ಗಳನ್ನು ತೋಯಿಸುತ್ತದೆ. ಪಿಸ್ಟನ್ ಇಳಿಯುವಾಗ ಗೋಡೆಯ ಕಿಂಡಿಗಳ ಮೂಲಕ ಮೇಲಕ್ಕೆ ನುಗ್ಗಿ ಸಿಲಿಂಡರ್ ಸೇರುತ್ತದೆ. ಆಯಿಲ್ ಒಮ್ಮೆ ಮಾತ್ರ ಹಾದುಹೋಗಿ ಉರಿದುಹೋಗುತ್ತದೆ. ಕ್ರ್ಯಾಂಕ್ ಒಂದು ಸುತ್ತು ಬಂದರೆ ಒಂದು ಕಿಡಿ. ನಿಮಿಷಕ್ಕೆ 8000 ಸುತ್ತು ತಿರುಗುವಾಗ ಪ್ರತಿ ಪ್ಲಗ್ ಸೆಕೆಂಡಿಗೆ ಸುಮಾರು 133 ಸಲ ಕಿಡಿ ಹಾರಿಸಬೇಕು.

ಸ್ನೋಮೊಬೈಲ್ ತಯಾರಕರು ಈ ಎಂಜಿನ್ನಿಗೆ ಇಷ್ಟು ಕಾಲ ಅಂಟಿಕೊಂಡಿರಲು ಕಾರಣಗಳಿವೆ. ತೂಕ ಕಡಿಮೆ, ಶಕ್ತಿ ಹೆಚ್ಚು. ತಳದಲ್ಲಿ ಚಳಿಗೆ ಗಟ್ಟಿಯಾದ ಆಯಿಲ್ ಇಲ್ಲದ್ದರಿಂದ ಹಗ್ಗ ಎಳೆದು ಚಾಲೂ ಮಾಡುವುದು ಸುಲಭ. ಈ ಸರಳತೆಗೆ ಬೆಲೆಯೂ ಇದೆ. ಪೆಟ್ರೋಲಿನ ಹರಿವು ತಗ್ಗಿದರೆ, ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುವ ವಾಹನಗಳಲ್ಲಿ, ಅದೇ ಗಳಿಗೆಯಲ್ಲಿ ಆಯಿಲೂ ತಗ್ಗುತ್ತದೆ, ಶಾಖ ಏರುತ್ತದೆ. ಮೂರು ಪೆಟ್ಟುಗಳು ಒಟ್ಟಿಗೇ ಬೀಳುತ್ತವೆ.

ಇಂಧನ

ಚಳಿ ಹೆಚ್ಚಿದಷ್ಟು ಗಾಳಿಯ ಸಾಂದ್ರತೆ ಹೆಚ್ಚು. ಒತ್ತಡ ಒಂದೇ ಇದ್ದರೆ 15 ಡಿಗ್ರಿ ಸೆಲ್ಸಿಯಸ್‌ನ ಗಾಳಿಗಿಂತ ಮೈನಸ್ 30 ಡಿಗ್ರಿಯ ಗಾಳಿ ಸುಮಾರು ಶೇ 18ರಷ್ಟು ಹೆಚ್ಚು ಸಾಂದ್ರ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ತಾನಾಗಿ ಹೆಚ್ಚಿಸಿಕೊಳ್ಳಲಾರದು. ಡಿಸೆಂಬರಿನ ಹಿತವಾದ ಮಧ್ಯಾಹ್ನ ಸರಿಯಾಗಿ ಓಡಿದ ಎಂಜಿನ್ ಜನವರಿಯ ಬೆಳಗಿನಲ್ಲಿ ತೆಳು ಮಿಶ್ರಣದಿಂದ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿ, ಪಿಸ್ಟನ್ ಸುಟ್ಟುಕೊಳ್ಳಬಹುದು. ಎತ್ತರದ ಪರಿಣಾಮ ಇದಕ್ಕೆ ವಿರುದ್ಧ. ಕೊಲರಾಡೋದ ಪರ್ವತಗಳಲ್ಲಿ 3000 ಮೀಟರ್ ಏರಿದರೆ ವಾಯುವಿನ ಒತ್ತಡ ಸುಮಾರು ಶೇ 30ರಷ್ಟು ಇಳಿಯುತ್ತದೆ. ಬಯಲಿಗೆ ಹೊಂದಿಸಿದ ಕಾರ್ಬ್ಯುರೇಟರ್ ಅಲ್ಲಿ ಮಿತಿಮೀರಿ ಪೆಟ್ರೋಲ್ ಸುರಿಯುತ್ತದೆ, ಪ್ಲಗ್‌ಗಳು ಮಸಿಗಟ್ಟುತ್ತವೆ. ಕರ್ನಾಟಕದ ಪ್ರವಾಸಿಗರು ಬಾಡಿಗೆಯ ಸ್ನೋಮೊಬೈಲ್ ಏರುವ ಗುಲ್ಮಾರ್ಗ್ ಸುಮಾರು 2650 ಮೀಟರ್ ಎತ್ತರದಲ್ಲಿದೆ; ಅಲ್ಲಿಯೂ ಇದೇ ಲೆಕ್ಕ.

ಮಿಕುನಿ ಕಂಪನಿಯ ದುಂಡು ಕವಾಟದ ಕಾರ್ಬ್ಯುರೇಟರ್‌ಗಳು ದಶಕಗಳ ಕಾಲ ಈ ವಾಹನಗಳಲ್ಲಿ ಸಾಮಾನ್ಯವಾಗಿದ್ದವು. ಅವುಗಳೊಳಗಿನ ಕೆಲಸದ ಹಂಚಿಕೆ ಗೊತ್ತಿದ್ದರೆ ದೋಷದ ಜಾಗವನ್ನು ಕುಳಿತಲ್ಲೇ ಊಹಿಸಬಹುದು. ಥ್ರಾಟಲ್ ಮುಚ್ಚಿದಾಗಿನಿಂದ ಕಾಲು ಭಾಗ ತೆರೆಯುವವರೆಗೆ ಪೈಲಟ್ ಜೆಟ್ ಎಂಬ ಸಣ್ಣ ರಂಧ್ರದ ತಿರುಪು ಮತ್ತು ಕವಾಟದ ಕತ್ತರಿಕೆಯ ಆಳ್ವಿಕೆ. ಅಲ್ಲಿಂದ ಮುಕ್ಕಾಲು ಭಾಗದವರೆಗೆ ಸೂಜಿ. ಮುಕ್ಕಾಲಿನಿಂದ ಪೂರ್ತಿಯವರೆಗೆ ಮೇನ್ ಜೆಟ್. ಎಂಜಿನ್ ಚಾಲೂ ಆಗಲು ಸತಾಯಿಸುತ್ತದೆ, ಚಾಲೂ ಆದರೂ ನಿಂತಲ್ಲಿ ನಿಲ್ಲದು, ವೇಗ ಹಿಡಿದರೆ ಮಾತ್ರ ಸರಿ ಎಂದರೆ ಪೈಲಟ್ ಜೆಟ್ ಕಟ್ಟಿದೆ. ನಿಧಾನಕ್ಕೆ ಚೆನ್ನಾಗಿದ್ದು, ಥ್ರಾಟಲ್ ಪೂರ್ತಿ ಒತ್ತಿದಾಗ ಉಸಿರುಗಟ್ಟಿದರೆ ಮೇನ್ ಜೆಟ್ ಕಡೆ ನೋಡಬೇಕು. ಪೈಲಟ್ ಜೆಟ್ಟಿನ ರಂಧ್ರ ಅರ್ಧ ಮಿಲಿಮೀಟರ್ ಆಸುಪಾಸಿನದು. ಬೇಸಿಗೆಯಿಡೀ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನ ಹಗುರ ಅಂಶ ಆವಿಯಾಗಿ ಉಳಿಯುವ ಅಂಟು ಮೊದಲು ಮುಚ್ಚುವುದು ಇದನ್ನೇ. ತಂತಿ ತೂರಿಸಿ ಕೆರೆದರೆ ರಂಧ್ರ ದೊಡ್ಡದಾಗಿ ಅಳತೆ ಕೆಡುತ್ತದೆ. ದ್ರಾವಕದಲ್ಲಿ ನೆನೆಸಿ, ಗಾಳಿ ಊದಿ ಬಿಡಿಸಬೇಕು. ಸಂದೇಹವಿದ್ದರೆ ಹೊಸ ಜೆಟ್ ಹಾಕುವುದೇ ಲೇಸು. ಜೆಟ್ಟಿನ ಮೇಲಿನ ಸಂಖ್ಯೆ ದೊಡ್ಡದಾದಷ್ಟು ರಂಧ್ರ ದೊಡ್ಡದು. ಯಾವ ಉಷ್ಣತೆಗೆ, ಯಾವ ಎತ್ತರಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿ ಮಾಲೀಕರ ಕೈಪಿಡಿಯಲ್ಲಿರುತ್ತದೆ. ಹಲವು ಮಾದರಿಗಳಲ್ಲಿ ಕ್ಲಚ್ಚಿನ ಹೊದಿಕೆಯ ಮೇಲೂ ಅಂಟಿಸಿರುತ್ತಾರೆ.

ನೀರು ಇಂಧನದ ಹಳೆಯ ಶತ್ರು. ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವ ತೊಟ್ಟಿಕ್ಕಿ ತಳ ಸೇರುತ್ತದೆ. ಕಾರ್ಬ್ಯುರೇಟರಿನ ಬಟ್ಟಲಿಗೆ ಬಂದ ಒಂದು ಹನಿ ರಾತ್ರಿ ಮಂಜುಗಡ್ಡೆಯಾಗಿ ಮೇನ್ ಜೆಟ್ಟಿಗೆ ಬಿರಡೆಯಾಗುತ್ತದೆ. ಮನೆಯೊಳಗೆ ತಂದು ಬೆಚ್ಚಗಿಟ್ಟರೆ ದೋಷ ಮಾಯ, ಹೊರಗೆ ಒಯ್ದರೆ ಮತ್ತೆ ಹಾಜರ್. ಹೀಗೆ ಕಣ್ಣಾಮುಚ್ಚಾಲೆ ಆಡುವ ತೊಂದರೆ ಕಂಡರೆ ಮೊದಲು ಬಟ್ಟಲು ಬಿಚ್ಚಿ ಪೆಟ್ರೋಲನ್ನು ಗಾಜಿನ ಸೀಸೆಗೆ ಸುರಿದು ನೋಡಬೇಕು. ನೀರಿದ್ದರೆ ಅಡಿಯಲ್ಲಿ ಪದರವಾಗಿ ಕಾಣುತ್ತದೆ.

ಎಥೆನಾಲ್ ಬೆರೆತ ಪೆಟ್ರೋಲಿನ ನಡತೆ ಬೇರೆ. ಶೇ 10 ಎಥೆನಾಲ್ ಇರುವ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನಲ್ಲೇ ಕರಗಿಸಿಕೊಂಡು ಸಾಗಿಸುತ್ತದೆ. 15 ಡಿಗ್ರಿಯಲ್ಲಿ ಈ ಮಿತಿ ಸುಮಾರು ಶೇ 0.5. ಚಳಿ ಹೆಚ್ಚಿದಂತೆ ಮಿತಿ ಕುಗ್ಗುತ್ತದೆ. ಮಿತಿ ಮೀರಿದ ಗಳಿಗೆಯಲ್ಲಿ ನೀರು ಮತ್ತು ಎಥೆನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ ತಗ್ಗುತ್ತದೆ. ಕೆಳಗಿನ ದ್ರವದಲ್ಲಿ ಎಂಜಿನ್ ಓಡುವುದೇ ಇಲ್ಲ. ಇಷ್ಟಾದ ಮೇಲೆ ಯಾವ ಔಷಧಿಯೂ ಅದನ್ನು ಸರಿಪಡಿಸದು, ಟ್ಯಾಂಕ್ ಖಾಲಿ ಮಾಡುವುದೊಂದೇ ದಾರಿ. ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಮಿಶ್ರಣದ ಲೆಕ್ಕವೂ ಬದಲಾಗುತ್ತದೆ: ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ, ಶೇ 10ರ ಮಿಶ್ರಣಕ್ಕೆ ಸುಮಾರು 14.1 ಪಾಲು ಸಾಕು. ಅದೇ ಜೆಟ್ ಇಟ್ಟುಕೊಂಡರೆ ಎಂಜಿನ್ ತುಸು ತೆಳುವಾಗಿ ಓಡುತ್ತದೆ. ಸ್ನೋಮೊಬೈಲ್ ತಯಾರಕರು ಶೇ 10ಕ್ಕಿಂತ ಹೆಚ್ಚಿನ ಎಥೆನಾಲನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಮೆರಿಕದಲ್ಲಿ ಶೇ 15ರ ಪೆಟ್ರೋಲನ್ನು ಸ್ನೋಮೊಬೈಲಿಗೆ ಹಾಕುವುದು ಕಾನೂನಿನ ಪ್ರಕಾರವೇ ನಿಷಿದ್ಧ. ಭಾರತದ ಬಂಕುಗಳಲ್ಲಿ ಈಗ ಶೇ 20 ಎಥೆನಾಲಿನ ಪೆಟ್ರೋಲ್ ರೂಢಿಗೆ ಬಂದಿರುವುದರಿಂದ ಹಿಮಾಲಯದಲ್ಲಿ ಹಳೆಯ ಕಾರ್ಬ್ಯುರೇಟರ್ ವಾಹನ ಓಡಿಸುವವರು ಇದನ್ನು ಲಘುವಾಗಿ ನೋಡಬಾರದು.

ಕಾರ್ಬ್ಯುರೇಟರಿನ ತನಕ ಪೆಟ್ರೋಲ್ ಬರುವ ದಾರಿಯಲ್ಲೂ ತೊಡಕುಗಳಿವೆ. ಹಳೆಯ ಮಾದರಿಗಳ ಇಂಧನ ಪಂಪಿಗೆ ವಿದ್ಯುತ್ ಇಲ್ಲ. ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತವೇ ಸಣ್ಣ ರಬ್ಬರ್ ಕೊಳವೆಯ ಮೂಲಕ ಬಂದು ಪಂಪಿನ ಪೊರೆಯನ್ನು ಅತ್ತಿತ್ತ ಬಡಿಸುತ್ತದೆ. ಆ ಕೊಳವೆ ಒಂದಿಷ್ಟು ಬಿರುಕು ಬಿಟ್ಟರೂ ಪೂರ್ಣ ವೇಗದಲ್ಲಿ ಪೆಟ್ರೋಲ್ ಸಾಲದಾಗುತ್ತದೆ. ಪೊರೆ ಹರಿದರೆ ಪೆಟ್ರೋಲ್ ನೇರ ಕ್ರ್ಯಾಂಕ್‌ಕೇಸಿಗೆ ಸೋರಿ ಒಂದು ಸಿಲಿಂಡರಿನ ಪ್ಲಗ್ ಸದಾ ಒದ್ದೆ. ಟ್ಯಾಂಕಿನ ಉಸಿರುಕೊಳವೆ ಹಿಮ ಕಟ್ಟಿದರೆ ಒಳಗೆ ನಿರ್ವಾತ ಉಂಟಾಗಿ ಎಂಜಿನ್ ಕೆಲವು ನಿಮಿಷ ಓಡಿ ನಿಲ್ಲುತ್ತದೆ. ಮುಚ್ಚಳ ತಿರುಗಿಸಿದಾಗ ಗಾಳಿ ಒಳನುಗ್ಗುವ ಸದ್ದು ಕೇಳಿದರೆ ಕಾರಣ ಸಿಕ್ಕಿತು. ಪುಡಿ ಹಿಮ ಗಾಳಿಪೆಟ್ಟಿಗೆಯ ಬಾಯಿ ಮುಚ್ಚಿದರೆ ಮಾತ್ರ ಪರಿಣಾಮ ತಿರುಗುಮುರುಗು: ಗಾಳಿ ಕಡಿಮೆಯಾಗಿ ಮಿಶ್ರಣ ದಟ್ಟವಾಗುತ್ತದೆ, ಪ್ಲಗ್‌ಗಳು ಒದ್ದೆಯಾಗುತ್ತವೆ.

ಆಯಿಲ್

ಮೊದಲ ತಲೆಮಾರಿನ ಸ್ನೋಮೊಬೈಲ್‌ಗಳಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಿದ್ದರು; ಹಳೆಯ ಎಂಜಿನ್ನಿಗೆ 20 ಪಾಲು ಪೆಟ್ರೋಲಿಗೆ ಒಂದು ಪಾಲು, ನಂತರದವುಗಳಿಗೆ 40ಕ್ಕೆ ಅಥವಾ 50ಕ್ಕೆ ಒಂದು. 1960ರ ದಶಕದಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ದಿ ಬೈಕುಗಳನ್ನು ಓಡಿಸಿದವರಿಗೆ ಈ ಬೆರಕೆಯ ಲೆಕ್ಕವೂ ಮಸಿ ಹಿಡಿದ ಪ್ಲಗ್ಗೂ ಚಿರಪರಿಚಿತ. ಸ್ನೋಮೊಬೈಲಿನಲ್ಲಿ ಚಳಿ ಒಂದು ಹೆಚ್ಚಿನ ಎಚ್ಚರ ಬೇಡುತ್ತದೆ. ತಣ್ಣಗಿನ ಆಯಿಲನ್ನು ತಣ್ಣಗಿನ ಪೆಟ್ರೋಲಿಗೆ ಸುರಿದರೆ ಅದು ಬೆರೆಯದೆ ತಳ ಸೇರುತ್ತದೆ. ಬೆಚ್ಚಗಿನ ಜಾಗದಲ್ಲಿಟ್ಟ ಆಯಿಲನ್ನು ಬೇರೆ ಡಬ್ಬಿಯಲ್ಲಿ ಸ್ವಲ್ಪ ಪೆಟ್ರೋಲಿಗೆ ಹಾಕಿ ಕುಲುಕಿ, ಆಮೇಲೆ ಉಳಿದದ್ದನ್ನು ಸೇರಿಸಬೇಕು.

ಎಂಜಿನ್ ಕೆಡದಿರಲೆಂದು ಒಂದಿಷ್ಟು ಜಾಸ್ತಿ ಆಯಿಲ್ ಸುರಿಯುವ ಅಭ್ಯಾಸ ಅನೇಕರಿಗಿದೆ. ಉದ್ದೇಶ ಒಳ್ಳೆಯದು, ಪರಿಣಾಮ ಎಣಿಸಿದಂತೆ ಇರುವುದಿಲ್ಲ. ಜೆಟ್ಟಿನ ರಂಧ್ರದಲ್ಲಿ ಹಾದುಹೋಗುವ ದ್ರವದ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಅದರಲ್ಲಿ ಆಯಿಲಿನ ಪಾಲು ಹೆಚ್ಚಿದರೆ ಪೆಟ್ರೋಲಿನ ಪಾಲು ತಗ್ಗಲೇಬೇಕು, ಮಿಶ್ರಣ ತೆಳುವಾಗಲೇಬೇಕು. ಹೀಗೆ ಜಾರಲೆಂದು ಹಾಕಿದ ಹೆಚ್ಚಿನ ಆಯಿಲ್ ಒಂದು ಕಡೆ ಪ್ಲಗ್ಗಿಗೆ ಮಸಿ ಬಳಿದು ಇನ್ನೊಂದು ಕಡೆ ಉರಿಯ ಶಾಖ ಏರಿಸುತ್ತದೆ. ತಯಾರಕರು ಹೇಳಿದ ಅನುಪಾತವನ್ನೇ ಅಳೆದು ಹಾಕುವುದಕ್ಕೆ ಬದಲಿ ಇಲ್ಲ.

ನಂತರದ ವಾಹನಗಳಲ್ಲಿ ಆಯಿಲಿಗೆ ಪ್ರತ್ಯೇಕ ಟ್ಯಾಂಕ್, ಎಂಜಿನ್ನೇ ತಿರುಗಿಸುವ ಪಂಪ್ ಇವೆ. ಥ್ರಾಟಲ್ಲಿಗೆ ಕಟ್ಟಿದ ಕೇಬಲ್ ಪಂಪಿನ ತೋಳನ್ನೂ ಎಳೆಯುತ್ತದೆ. ನಿಂತಲ್ಲಿ ಓಡುವಾಗ ಆಯಿಲ್ ಕಡಿಮೆ, ಪೂರ್ಣ ವೇಗದಲ್ಲಿ ಹೆಚ್ಚು. ತೋಳಿನ ಮೇಲೊಂದು ಗೆರೆ, ಪಂಪಿನ ಮೈಮೇಲೊಂದು ಗೆರೆ ಕೊರೆದಿರುತ್ತದೆ. ಕೈಪಿಡಿ ಹೇಳಿದ ಥ್ರಾಟಲ್ ಸ್ಥಾನದಲ್ಲಿ ಎರಡೂ ಎದುರುಬದುರಾಗಬೇಕು. ಕೇಬಲ್ ಹಿಗ್ಗಿ ಗೆರೆ ಹಿಂದೆ ಉಳಿದರೆ ಆಯಿಲ್ ಸಾಲದು. ಮುಂದೆ ಹೋದರೆ ಹೊಗೆ, ಕಪ್ಪು ಪ್ಲಗ್, ಎಕ್ಸಾಸ್ಟಿನಿಂದ ತೊಟ್ಟಿಕ್ಕುವ ಜಿಡ್ಡು. ಕಾರ್ಬ್ಯುರೇಟರ್ ಬಿಚ್ಚಿ ಹಾಕಿದ ಮೇಲೆ ಥ್ರಾಟಲ್ ಹೊಂದಿಸಿ ಪಂಪನ್ನು ಮರೆಯುವುದು ಸಾಮಾನ್ಯ. ಹೊಗೆ ಹೆಚ್ಚಿದೆ ಎಂದು ಜೆಟ್ ಬದಲಿಸುವ ಮೊದಲು ಈ ಎರಡು ಗೆರೆಗಳನ್ನು ನೋಡಬೇಕು.

ಆಯಿಲ್ ಕೊಳವೆಯಲ್ಲಿ ಗಾಳಿಗುಳ್ಳೆ ಸೇರಿಕೊಂಡರೆ ಇನ್ನೂ ಅಪಾಯ, ಹೊರಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಟ್ಯಾಂಕ್ ಒಮ್ಮೆ ಖಾಲಿಯಾಗಿದ್ದರೆ, ಕೊಳವೆ ಕಳಚಿದ್ದರೆ, ಪಂಪಿನ ತಿರುಪು ಸಡಿಲಿಸಿ ಗಾಳಿ ಹೊರಹಾಕಲೇಬೇಕು. ಮೊದಲ ಸ್ವಲ್ಪ ಹೊತ್ತು ಪೆಟ್ರೋಲಿಗೂ 50ಕ್ಕೆ ಒಂದರಂತೆ ಆಯಿಲ್ ಬೆರೆಸಿ ಓಡಿಸುವುದು ಜಾಣತನ. ಪಂಪ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವ ಅತಿ ಸರಳ ಉಪಾಯ ಟ್ಯಾಂಕಿನ ಮಟ್ಟ ಗಮನಿಸುವುದು. ಪೆಟ್ರೋಲ್ ತುಂಬಿಸಿದಾಗಲೆಲ್ಲ ಆಯಿಲೂ ಇಳಿದಿರಬೇಕು. ಇಳಿಯದಿದ್ದರೆ ಸಂತೋಷಪಡುವ ಸಂಗತಿಯಲ್ಲ, ಎಂಜಿನ್ ಕೂಡಲೇ ನಿಲ್ಲಿಸಬೇಕು.

ಆಯಿಲಿನ ಜಾತಿಯೂ ಮುಖ್ಯ. ದೋಣಿಯ ಎಂಜಿನ್‌ಗಳಿಗೆಂದು ಮಾಡಿದ ಟಿಸಿ-ಡಬ್ಲ್ಯು3 ದರ್ಜೆಯ ಆಯಿಲ್ ನೀರಿನಿಂದ ತಣಿಯುವ, ಅಷ್ಟಾಗಿ ಬಿಸಿಯಾಗದ ಎಂಜಿನ್ನಿಗೆ ಸರಿ. ಹೆಚ್ಚು ಬಿಸಿಯಾಗುವ ಸ್ನೋಮೊಬೈಲಿಗೆ ಜಾಸೊ ಸಂಸ್ಥೆಯ ಎಫ್‌ಡಿ ದರ್ಜೆಯಂಥ ಕಡಿಮೆ ಹೊಗೆಯ, ಮಸಿ ಬಿಡದ, ಮೈನಸ್ 40 ಡಿಗ್ರಿಯಲ್ಲೂ ಹರಿಯುವ ಆಯಿಲ್ ಬೇಕು. ರೋಟ್ಯಾಕ್ಸ್ ಎಂಜಿನ್‌ಗಳ ಎಕ್ಸಾಸ್ಟ್ ಕಿಂಡಿಯಲ್ಲಿ ವೇಗಕ್ಕೆ ತಕ್ಕಂತೆ ಏರಿಳಿಯುವ 'ರೇವ್' ಕವಾಟಗಳಿವೆ. ತಪ್ಪು ಆಯಿಲ್ ಅವುಗಳಿಗೆ ಜಿಡ್ಡು ಕಟ್ಟಿ ಅಂಟಿಸುತ್ತದೆ. ಆಗ ಎಂಜಿನ್ ಮಧ್ಯಮ ವೇಗದಲ್ಲಿ ಮುಗ್ಗರಿಸುವುದನ್ನು ಅನೇಕರು ಕಾರ್ಬ್ಯುರೇಟರಿನ ದೋಷವೆಂದು ಭಾವಿಸಿ ವಾರಗಟ್ಟಲೆ ಅಲ್ಲಿಯೇ ಹುಡುಕುತ್ತಾರೆ.

ಸ್ಪಾರ್ಕ್ ಪ್ಲಗ್

ಪ್ಲಗ್ಗಿನ ಮೈಮೇಲಿನ ಅಕ್ಷರಗಳು ಅದರ ಜಾತಕ. ಎನ್‌ಜಿಕೆ ಕಂಪನಿಯ ಬಿಆರ್‌9ಇಎಸ್ ಸ್ನೋಮೊಬೈಲ್‌ಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪ್ಲಗ್. ಬಿ ಎಂದರೆ 14 ಮಿಲಿಮೀಟರ್ ಮರೆ (ತಿರುಪಿನ ಎಳೆ), ಆರ್ ಎಂದರೆ ಒಳಗೆ ವಿದ್ಯುತ್ ರೋಧಕ ಇದೆ, ಇ ಎಂದರೆ ಮರೆಯ ಉದ್ದ 19 ಮಿಲಿಮೀಟರ್. ನಡುವಿನ 9 ಶಾಖದ ದರ್ಜೆ. ಎನ್‌ಜಿಕೆಯಲ್ಲಿ ಈ ಸಂಖ್ಯೆ ದೊಡ್ಡದಾದಷ್ಟು ಪ್ಲಗ್ 'ತಣ್ಣಗಿನದು', ಅಂದರೆ ಶಾಖವನ್ನು ಬೇಗ ಹೊರಗೆ ದಾಟಿಸುವಂಥದು. ಚಾಂಪಿಯನ್ ಕಂಪನಿಯ ಸಂಖ್ಯೆಗಳು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ. ಎರಡು ಕಂಪನಿಗಳ ಸಂಖ್ಯೆಗಳನ್ನು ಹೋಲಿಸಿ ಪ್ಲಗ್ ಕೊಂಡರೆ ಎಂಜಿನ್ನೇ ಹಾಳಾಗಬಹುದು. ತುದಿಯ ಉಷ್ಣತೆ ಸುಮಾರು 450 ಡಿಗ್ರಿ ದಾಟಿದರೆ ಮಸಿ ತಾನಾಗಿ ಸುಟ್ಟುಹೋಗುತ್ತದೆ; 870ರ ಆಸುಪಾಸಿಗೆ ಏರಿದರೆ ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಳ್ಳುತ್ತದೆ. ಈ ಎರಡರ ನಡುವೆ ತುದಿಯನ್ನು ಉಳಿಸುವುದೇ ದರ್ಜೆಯ ಕೆಲಸ. ಪ್ಲಗ್ ಮಸಿಗಟ್ಟುತ್ತದೆಂದು ಬಿಸಿ ದರ್ಜೆಯದನ್ನು ಹಾಕುವುದು ದೊಡ್ಡ ತಪ್ಪು. ನಿಧಾನವಾಗಿ ಓಡಿಸುವಷ್ಟು ಹೊತ್ತು ಅದು ಉಪಕಾರಿ ಎನಿಸುತ್ತದೆ, ಹೆಪ್ಪುಗಟ್ಟಿದ ಸರೋವರದ ಮೇಲೆ ಐದು ನಿಮಿಷ ಪೂರ್ಣ ಥ್ರಾಟಲ್ ಹಿಡಿದಾಗ ಪಿಸ್ಟನ್ನಿಗೆ ತೂತು ಕೊರೆಯುತ್ತದೆ.

ಎರಡು ಸಿಲಿಂಡರಿನ ಎಂಜಿನ್ನಿನಿಂದ ಎರಡೂ ಪ್ಲಗ್ ಬಿಚ್ಚಿ, ಯಾವುದು ಯಾವ ಕಡೆಯದೆಂದು ಗುರುತಿಟ್ಟು, ಬೆಳಕಿಗೆ ಹಿಡಿದು ನೋಡಿದರೆ ಅರ್ಧ ತಪಾಸಣೆ ಮುಗಿದಂತೆ. ಪಿಂಗಾಣಿಯ ತುದಿ ಕಂದು ಅಥವಾ ಬೂದುಗಂದು ಇದ್ದರೆ ಉರಿ ಸರಿಯಾಗಿದೆ. ಒಣ, ಮೃದುವಾದ, ಬೆರಳಿಗೆ ಹತ್ತುವ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು: ಚೋಕ್ ಪೂರ್ತಿ ಮುಚ್ಚಿಲ್ಲ, ಗಾಳಿಪೆಟ್ಟಿಗೆ ಕಟ್ಟಿದೆ, ಅಥವಾ ಜೆಟ್ ದೊಡ್ಡದಾಯಿತು. ಒದ್ದೆಯಾಗಿ ಹೊಳೆಯುತ್ತ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಸಾಲದು. ಒದ್ದೆ ಇದ್ದೂ ಜಿಡ್ಡಾಗಿ, ವಾಸನೆ ಮಂದವಾಗಿದ್ದರೆ ಅದು ಆಯಿಲ್: ಪಂಪಿನ ಗೆರೆ ನೋಡಬೇಕು, ಕ್ರ್ಯಾಂಕಿನ ಸೀಲ್ ನೋಡಬೇಕು. ಎರಡು ತುದಿಗಳ ನಡುವೆ ಸಣ್ಣ ಮಸಿಯ ಎಳೆ ಸೇತುವೆ ಕಟ್ಟಿ ಕಿಡಿಯನ್ನೇ ಕೊಂದಿರುವುದೂ ಉಂಟು. ತುದಿ ಬೆಳ್ಳಗೆ ಸುಣ್ಣದಂತಿದ್ದರೆ ಮಿಶ್ರಣ ತೆಳು, ಎಂಜಿನ್ ಅಪಾಯದಲ್ಲಿದೆ. ಬಿಳಿ ಪಿಂಗಾಣಿಯ ಮೇಲೆ ಸೂಜಿಮೊನೆಯಷ್ಟು ಸಣ್ಣ ಬೆಳ್ಳಿಬಣ್ಣದ ಚುಕ್ಕೆಗಳು ಕಂಡರೆ ಅವು ಪಿಸ್ಟನ್ನಿನಿಂದ ಕರಗಿ ಹಾರಿದ ಅಲ್ಯುಮಿನಿಯಂ. ಅಂಥ ಎಂಜಿನ್ನನ್ನು ಮತ್ತೆ ಚಾಲೂ ಮಾಡದೆ ಬಿಚ್ಚಿ ನೋಡಬೇಕು.

ಎರಡು ಪ್ಲಗ್‌ಗಳ ನಡುವಿನ ವ್ಯತ್ಯಾಸ ಒಂದೊಂದರ ಬಣ್ಣಕ್ಕಿಂತ ಹೆಚ್ಚು ಹೇಳುತ್ತದೆ. ಎರಡೂ ಕಪ್ಪಾಗಿದ್ದರೆ ಕಾರಣ ಎರಡಕ್ಕೂ ಸಮಾನವಾದದ್ದು: ಇಂಧನದ ಗುಣ, ಹವೆ, ಆಯಿಲ್ ಪಂಪ್. ಒಂದು ಕಂದು, ಇನ್ನೊಂದು ಬಿಳಿ ಎಂದರೆ ಬಿಳಿ ಕಡೆಯ ಕಾರ್ಬ್ಯುರೇಟರ್, ಅದರ ರಬ್ಬರ್ ಕೊರಳು, ಆ ಬದಿಯ ಕ್ರ್ಯಾಂಕ್ ಸೀಲ್ ಇಷ್ಟರಲ್ಲೇ ದೋಷ ಇದೆ.

ಈ ಓದಿಗೆ ಎರಡು ಷರತ್ತುಗಳಿವೆ. ನಿಂತಲ್ಲಿ ಹತ್ತು ನಿಮಿಷ ಓಡಿಸಿ ಬಿಚ್ಚಿದ ಪ್ಲಗ್ ಕಪ್ಪಾಗಿಯೇ ಇರುತ್ತದೆ, ಅದರಿಂದ ಮೇನ್ ಜೆಟ್ ಬಗ್ಗೆ ಏನೂ ತಿಳಿಯದು. ಪೂರ್ಣ ಥ್ರಾಟಲ್ಲಿನಲ್ಲಿ ಓಡಿಸಿ, ಥ್ರಾಟಲ್ ಬಿಡುವ ಮೊದಲೇ ಎಂಜಿನ್ ಆಫ್ ಮಾಡಿ, ಹಾಗೇ ಜಾರಿ ನಿಂತ ಮೇಲೆ ಬಿಚ್ಚಿದ್ದನ್ನೇ ಓದಬೇಕು. ಇನ್ನು, ಸೀಸವಿಲ್ಲದ ಇಂದಿನ ಪೆಟ್ರೋಲ್ ಹಳೆಯ ಪುಸ್ತಕಗಳಲ್ಲಿ ಅಚ್ಚಾದ ಢಾಳಾದ ಬಣ್ಣ ಬಿಡುವುದಿಲ್ಲ. ನುರಿತವರು ಪಿಂಗಾಣಿಯ ಬುಡದಲ್ಲಿ ಮೂಡುವ ತೆಳು ಮಸಿಯ ಉಂಗುರವನ್ನೂ ಬಾಗಿದ ತುದಿಕಡ್ಡಿಯ ಮೇಲಿನ ಬಣ್ಣದ ಗಡಿಯನ್ನೂ ಭೂತಗನ್ನಡಿಯಲ್ಲಿ ನೋಡುತ್ತಾರೆ.

ಹಾಕುವಾಗಿನ ಅಚಾತುರ್ಯವೂ ಕಾಡುತ್ತದೆ. ಅಲ್ಯುಮಿನಿಯಂ ತಲೆಯಲ್ಲಿ ಮರೆ ಕೆಡದಂತೆ ಎಂಜಿನ್ ತಣ್ಣಗಿರುವಾಗ, ಮೊದಲು ಕೈಯಲ್ಲೇ ತಿರುಗಿಸಬೇಕು; ಕೂತ ಮೇಲೆ ಹೊಸ ಪ್ಲಗ್ಗಿಗೆ ಸುಮಾರು ಅರ್ಧ ಸುತ್ತು. ಸಡಿಲ ಪ್ಲಗ್ ಶಾಖ ದಾಟಿಸಲಾರದೆ ಕಾಯುತ್ತದೆ. ಕಿಡಿಯ ಅಂತರ ಮಾದರಿಯಿಂದ ಮಾದರಿಗೆ ಬೇರೆ, ಹಳೆಯವುಗಳಲ್ಲಿ 0.4ರಿಂದ 0.5 ಮಿಲಿಮೀಟರ್, ನಂತರದವುಗಳಲ್ಲಿ 0.7ರಿಂದ 0.8.

ಗಾಳಿಸೋರಿಕೆ ಮತ್ತು ಪಿಸ್ಟನ್ ಹಿಡಿದುಕೊಳ್ಳುವುದು

ಇಂಧನವೂ ಸರಿ, ಜೆಟ್ಟೂ ಸರಿ, ಆದರೂ ಪ್ಲಗ್ ಬಿಳಿ ಎಂದರೆ ಎಲ್ಲೋ ಕಳ್ಳಗಾಳಿ ಒಳಗೆ ಬರುತ್ತಿದೆ. ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರ್ ಕೊರಳು ಹೊರಗೆ ಚೆನ್ನಾಗಿ ಕಂಡರೂ ಬಾಗಿಸಿದಾಗ ಬಿರುಕು ಬಾಯಿಬಿಡುತ್ತದೆ. ಚಳಿಯಲ್ಲಿ ಗಡಸಾದ ಕ್ರ್ಯಾಂಕ್ ಸೀಲ್ ಇನ್ನೊಂದು ದಾರಿ. ಚಾಲೂ ಮಾಡಲು ಪೆಟ್ರೋಲ್ ಚಿಮ್ಮಿಸುವ ಪ್ರೈಮರಿನ ಸಪೂರ ಕೊಳವೆಯ ಸೀಳು ಮೂರನೆಯದು. ಇದನ್ನು ಹುಡುಕುವವರೇ ಕಡಿಮೆ. ಎಂಜಿನ್ನಿನ ಎಲ್ಲ ಬಾಯಿಗಳನ್ನು ಮುಚ್ಚಿ ಸುಮಾರು 0.4 ಬಾರ್ ಗಾಳಿ ತುಂಬಿ, ಮುಳ್ಳು ಇಳಿಯುತ್ತದೆಯೇ ನೋಡಿ, ಸೋಪುನೀರು ಬಳಿದರೆ ಗುಳ್ಳೆ ಬರುವ ಜಾಗದಲ್ಲಿ ಸೋರಿಕೆ ಸಿಗುತ್ತದೆ.

ತೆಳು ಮಿಶ್ರಣ ಪಿಸ್ಟನ್ನನ್ನು ಎಕ್ಸಾಸ್ಟಿನ ಬದಿಯಲ್ಲಿ ಸುಡುತ್ತದೆ. ಆಯಿಲ್ ಕೊರತೆಯಾದರೆ ಗೀರುಗಳು ಸುತ್ತಲೂ ಹರಡಿರುತ್ತವೆ. ಆಯಿಲ್, ಪೆಟ್ರೋಲ್ ಎರಡೂ ಸರಿಯಿದ್ದೂ ಪಿಸ್ಟನ್ ಹಿಡಿದುಕೊಳ್ಳುವ ಮೂರನೆಯ ಬಗೆ ಚಳಿನಾಡಿಗೆ ವಿಶೇಷ. ಅಲ್ಯುಮಿನಿಯಂ ಪಿಸ್ಟನ್ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ತಣ್ಣಗಿನ ಎಂಜಿನ್ ಚಾಲೂ ಮಾಡಿದ ಕೂಡಲೇ ಥ್ರಾಟಲ್ ಪೂರ್ತಿ ಒತ್ತಿದರೆ ಪಿಸ್ಟನ್ ದಪ್ಪಗಾಗುತ್ತದೆ, ಸಿಲಿಂಡರ್ ಇನ್ನೂ ತಣ್ಣಗೆ ಬಿಗಿಯಾಗಿಯೇ ಇರುತ್ತದೆ. ನಾಲ್ಕು ಮೂಲೆಗಳಲ್ಲಿ ಉಜ್ಜಿದ ಗುರುತು ಬಿಟ್ಟು ಪಿಸ್ಟನ್ ನಿಲ್ಲುತ್ತದೆ. ಸಿಲಿಂಡರಿನ ಮೈ ಮುಟ್ಟಿದರೆ ಬೆಚ್ಚಗೆನಿಸುವವರೆಗೆ ಕಾಯುವ ತಾಳ್ಮೆಯೇ ಇದಕ್ಕೆ ಮದ್ದು.

ತಪಾಸಣೆಯ ಕ್ರಮ

ಹಗ್ಗ ಎಷ್ಟು ಎಳೆದರೂ ಚಾಲೂ ಆಗದ ಎಂಜಿನ್ನಿನ ಮುಂದೆ ಮೊದಲು ಮಾಡಬೇಕಾದ ಕೆಲಸ ಕೆಂಪು ಸ್ವಿಚ್ ಮತ್ತು ಸವಾರನ ಮೈಗೆ ಕಟ್ಟುವ ಸುರಕ್ಷತಾ ಹಗ್ಗ ಸರಿಯಿವೆಯೇ ಎಂದು ನೋಡುವುದು. ಪೊಲಾರಿಸಿನ ಹಳೆಯ ಮಾದರಿಗಳಲ್ಲಿ ಥ್ರಾಟಲ್ ಕೇಬಲ್ ಸಡಿಲವಾದರೆ ಕಿಡಿಯನ್ನೇ ನಿಲ್ಲಿಸುವ ಸ್ವಿಚ್ ಇದೆ. ಹೆಪ್ಪುಗಟ್ಟಿದ ಥ್ರಾಟಲ್ ವಾಹನವನ್ನು ಎಳೆದೊಯ್ಯದಿರಲಿ ಎಂದು ಮಾಡಿದ ವ್ಯವಸ್ಥೆ ಅದು. ಪ್ಲಗ್ ಬದಲಿಸುವ ಮುಂಚೆ ಇದನ್ನು ಪರೀಕ್ಷಿಸಬೇಕು.

ಆಮೇಲೆ ಪ್ಲಗ್. ಅದನ್ನು ಬಿಚ್ಚಿ ಟೋಪಿಗೆ ಸಿಕ್ಕಿಸಿ, ಲೋಹದ ಮೈಯನ್ನು ಎಂಜಿನ್ನಿಗೆ ಗಟ್ಟಿಯಾಗಿ ತಾಗಿಸಿ, ಪ್ಲಗ್ ತೂತಿನಿಂದ ದೂರ ಹಿಡಿದು ಹಗ್ಗ ಎಳೆದರೆ ನೀಲಿ ಕಿಡಿ ಹಾರಬೇಕು. ತೂತಿನ ಹತ್ತಿರ ಹಿಡಿದರೆ ಹೊರಬರುವ ಪೆಟ್ರೋಲ್ ಮಂಜಿಗೆ ಬೆಂಕಿ ತಗಲುತ್ತದೆ. ಮೈ ತಾಗಿಸದೆ ಎಳೆದರೆ ಕಿಡಿ ಹುಟ್ಟಿಸುವ ಸಿಡಿಐ ಪೆಟ್ಟಿಗೆಯೇ ಸುಟ್ಟೀತು. ಕಿಡಿ ಇದೆ, ಪ್ಲಗ್ ಒಣಗಿದೆ ಎಂದರೆ ಇಂಧನದ ದಾರಿ ಹಿಡಿಯಬೇಕು. ಕಿಡಿ ಇದೆ, ಪ್ಲಗ್ ತೊಯ್ದಿದೆ ಎಂದರೆ ಪೆಟ್ರೋಲ್ ತುಂಬಿಕೊಂಡಿದೆ: ಇಂಧನದ ಕವಾಟ ಮುಚ್ಚಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಇಲ್ಲದೆ ಥ್ರಾಟಲ್ ಪೂರ್ತಿ ತೆರೆದು ಕೆಲವು ಸಲ ಎಳೆದು ಒಣಗಿಸಬೇಕು. ಮಿಕುನಿಯ ಚೋಕ್ ಕೆಲಸ ಮಾಡುವುದು ಥ್ರಾಟಲ್ ಮುಚ್ಚಿದ್ದಾಗ ಮಾತ್ರ. ಚೋಕ್ ಎಳೆದು ಜೊತೆಗೆ ಥ್ರಾಟಲ್ಲನ್ನೂ ಒತ್ತುವವರು ತಮ್ಮ ಶ್ರಮವನ್ನು ತಾವೇ ವ್ಯರ್ಥಮಾಡಿಕೊಳ್ಳುತ್ತಾರೆ. ಈಥರ್ ಸಿಂಪಡಿಸುವುದಂತೂ ಟು-ಸ್ಟ್ರೋಕ್‌ಗೆ ಒಗ್ಗದು, ಗೋಡೆಯ ಆಯಿಲನ್ನು ಅದು ತೊಳೆದುಹಾಕುತ್ತದೆ. ಕಿಡಿ, ಇಂಧನ ಎರಡೂ ಇದ್ದೂ ಜೀವ ಬರದಿದ್ದರೆ ಕಂಪ್ರೆಷನ್ ಅಳೆಯಬೇಕು. ಎರಡು ಸಿಲಿಂಡರ್‌ಗಳ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರವಿದ್ದರೆ ದೋಷ ಈ ಮೂರರಾಚೆ, ಪಿಸ್ಟನ್ ಉಂಗುರಗಳಲ್ಲಿದೆ. ಇಷ್ಟೂ ಕೆಲಸ ಬಯಲಿನಲ್ಲಿ ನಡೆಯಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ಕೊಲ್ಲುತ್ತದೆ.

ಹೊಸ ಎಂಜಿನ್‌ಗಳು

ಕಾರ್ಬ್ಯುರೇಟರಿನ ಟು-ಸ್ಟ್ರೋಕ್ ತನ್ನ ಪೆಟ್ರೋಲಿನ ಗಣನೀಯ ಪಾಲನ್ನು ಉರಿಸದೆಯೇ ಎಕ್ಸಾಸ್ಟಿಗೆ ದಾಟಿಸುತ್ತದೆ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಸ್ನೋಮೊಬೈಲ್‌ಗಳು ಬಿಡುವ ನೀಲಿ ಹೊಗೆಯ ಬಗ್ಗೆ ಎದ್ದ ವಿವಾದ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ನಡೆದು 2013ರ ನಿಯಮದೊಂದಿಗೆ ಒಂದು ಹಂತ ತಲುಪಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಪ್ರಕಟಿಸಿದ ಹೊಗೆ ಮಿತಿಗಳು 2006ರ ಮಾದರಿಗಳಿಂದ ಜಾರಿಗೆ ಬಂದವು. ಸ್ಕೀ-ಡೂ 2009ರ ಮಾದರಿಯಲ್ಲಿ ತಂದ 'ಇ-ಟೆಕ್' ಎಂಜಿನ್ ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುತ್ತದೆ. ಇದರಲ್ಲಿ ಚಿಮ್ಮುವ ದಿಕ್ಕಿಗೆ ಸರಿಯಾಗಿ ಪ್ಲಗ್ಗಿನ ಬಾಗಿದ ಕಡ್ಡಿ ಯಾವ ಕಡೆ ಮುಖ ಮಾಡಬೇಕೆಂಬುದೂ ನಿಗದಿ. ಬಿಗಿದ ಮೇಲೆ ಕಡ್ಡಿ ತಪ್ಪು ದಿಕ್ಕಿಗೆ ನಿಂತರೆ ಎಂಜಿನ್ ಮುಗ್ಗರಿಸುತ್ತದೆ. ಹವೆ, ಎತ್ತರಗಳ ಲೆಕ್ಕವನ್ನು ಕಂಪ್ಯೂಟರ್ ನೋಡಿಕೊಳ್ಳುವುದರಿಂದ ಜೆಟ್ ಬದಲಿಸುವ ಗೋಜಿಲ್ಲ. ನೀರು ಸೇರಿದ ಪೆಟ್ರೋಲನ್ನು ಮಾತ್ರ ಕಂಪ್ಯೂಟರಿಗೂ ಸರಿಪಡಿಸಲಾಗದು.

2003ರ ಮಾದರಿಯ ಯಮಾಹಾ ಆರ್‌ಎಕ್ಸ್-1ರಿಂದ ಫೋರ್-ಸ್ಟ್ರೋಕ್ ವಾಹನಗಳು ಬಲವಾಗಿ ಬಂದವು. ಇವುಗಳ ಕಾಯಿಲೆ ಬೇರೆ. ಚಳಿಯಲ್ಲಿ ಚಾಲೂ ಮಾಡಿ, ಶೆಡ್ಡಿನಿಂದ ಅಂಗಳಕ್ಕೆ ತಂದು ಆಫ್ ಮಾಡುವ ಅಭ್ಯಾಸವೇ ಇವಕ್ಕೆ ಮುಳುವು. ಆವಿಯಾಗದ ಪೆಟ್ರೋಲ್ ಪ್ಲಗ್ ತೋಯಿಸಿ, ಗೋಡೆಯಗುಂಟ ಇಳಿದು ಆಯಿಲ್ ಸೇರುತ್ತದೆ. ಆಯಿಲಿನ ಮಟ್ಟ ದಿನದಿನಕ್ಕೆ ಏರುತ್ತಿದ್ದು ಪೆಟ್ರೋಲ್ ವಾಸನೆ ಬಂದರೆ ಇದೇ ಕಾರಣ. ಉರಿಯ ನೀರಾವಿ ತಣಿದು ಆಯಿಲಿನಲ್ಲಿ ಹಾಲಿನಂಥ ನೊರೆಯಾಗುತ್ತದೆ. ಒಮ್ಮೆ ಚಾಲೂ ಮಾಡಿದರೆ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, 0ಡಬ್ಲ್ಯು-40ರಂಥ ತೆಳು ಆಯಿಲ್ ಬಳಸಿ, ಕೈಪಿಡಿ ಹೇಳಿದ ಅವಧಿಗೆ ಬದಲಿಸಿದರೆ ಈ ತೊಂದರೆ ದೂರ. ಹಲವು ಮಾದರಿಗಳಲ್ಲಿ ಆಯಿಲ್ ಬೇರೆ ಟ್ಯಾಂಕಿನಲ್ಲಿರುವುದರಿಂದ ಎಂಜಿನ್ ಬಿಸಿಯಿದ್ದಾಗ, ತುಸು ಓಡಿಸಿ ನಿಲ್ಲಿಸಿದ ಕೂಡಲೇ ಮಟ್ಟ ನೋಡಬೇಕು. ತಣ್ಣಗಿದ್ದಾಗ ನೋಡಿ ಕಡಿಮೆಯೆಂದು ಸುರಿದರೆ ಹೆಚ್ಚಾದದ್ದು ಗಾಳಿಪೆಟ್ಟಿಗೆಗೆ ಉಕ್ಕುತ್ತದೆ.

ಬೇಸಿಗೆಯ ಸಂಗ್ರಹ

ಮುಂದಿನ ಚಳಿಗಾಲದ ದೋಷಗಳಲ್ಲಿ ಹೆಚ್ಚಿನವು ಹುಟ್ಟುವುದು ವಾಹನ ಸುಮ್ಮನೆ ನಿಂತಿರುವ ಬೇಸಿಗೆಯಲ್ಲಿ. ಟ್ಯಾಂಕಿಗೆ ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಹಾಕಿ, ಅದು ಕಾರ್ಬ್ಯುರೇಟರ್ ತಲುಪುವಷ್ಟು ಹೊತ್ತು ಓಡಿಸಿ, ಆಮೇಲೆ ಬಟ್ಟಲುಗಳನ್ನು ಬರಿದು ಮಾಡಬೇಕು. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ತುಕ್ಕುನಿರೋಧಕ ಆಯಿಲ್ ಸಿಂಪಡಿಸಿ ಹಗ್ಗ ಮೆಲ್ಲಗೆ ಎಳೆದರೆ ಸಿಲಿಂಡರಿನ ಗೋಡೆ ತುಕ್ಕು ಹಿಡಿಯದೆ ಉಳಿಯುತ್ತದೆ. ಗಾಳಿಪೆಟ್ಟಿಗೆಯ ಬಾಯಿಗೂ ಎಕ್ಸಾಸ್ಟಿಗೂ ಜಾಲರಿ ಕಟ್ಟಬೇಕು. ಇಲಿಗಳಿಗೆ ಆ ಎರಡು ಜಾಗ ಬಲು ಇಷ್ಟ, ಅವು ಕಟ್ಟಿದ ಗೂಡು ಗಾಳಿಯ ದಾರಿ ಮುಚ್ಚಿ ಮಿಶ್ರಣ ಕೆಡಿಸುತ್ತದೆ. ಹಿಮ ಬಿದ್ದ ಮೇಲೆ ಮೊದಲ ಸಲ ಚಾಲೂ ಮಾಡಿದಾಗ ಸಿಂಪಡಿಸಿದ್ದ ಆಯಿಲ್ ಉರಿದು ದಟ್ಟ ಹೊಗೆ ಬರುವುದು ಸಹಜ. ಅದು ತಿಳಿಯಾದ ನಂತರ ಹೊಸ ಪ್ಲಗ್ ಹಾಕಿ, ಅಂತರ ಅಳೆದಿಟ್ಟ ಇನ್ನೊಂದು ಜೊತೆ ಪ್ಲಗ್ಗನ್ನೂ ಅದನ್ನು ಬಿಚ್ಚುವ ಸ್ಪ್ಯಾನರನ್ನೂ ಸೀಟಿನ ಕೆಳಗೆ ಇಟ್ಟುಕೊಳ್ಳುವುದು ಉತ್ತರದ ಅನೇಕ ಸವಾರರ ರೂಢಿ.